ಮೂರು ಸೆಕೆಂಡು ಕಾಯುವುದಕ್ಕೂ ನಮಗೆ ಪುರುಸೊತ್ತಿಲ್ಲವೇ?

ಸಿಟ್ಟು ಇನ್ನೂ ಇಳಿದಿಲ್ಲ. ಬರೆದೇ ತೀರಬೇಕು.

ನಾನು ಶಿಕ್ಷಕ ತರಬೇತಿಯಲ್ಲಿದ್ದೇನೆ. ಇವತ್ತು ಶಾಲೆಯ ಅಭ್ಯಾಸ ಬೋಧನೆಯಲ್ಲಿ ನನ್ನದು ಭಿನ್ನರಾಶಿ ಪಾಠ. ಮೂರನೇ ಒಂದು ದೊಡ್ಡದೋ, ನಾಲ್ಕನೇ ಒಂದು ದೊಡ್ಡದೋ ಎಂದು ಕೇಳಿದೆ. ಮುಂದಿನ ಬೆಂಚಿನಿಂದ ‘ನಾಲ್ಕನೇ ಒಂದು’ ಎಂಬ ಕೂಗು ತಟ್ಟನೆ ಬಂತು. ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ, ಸುಮ್ಮನೆ ನಿಂತೆ. ಕೊನೆಯ ಸಾಲಿನಲ್ಲಿ ಒಬ್ಬ ಹುಡುಗಿ ನೋಟ್‌ಬುಕ್ಕಿನ ಅಂಚಿನಲ್ಲಿ ಒಂದೇ ಉದ್ದದ ಎರಡು ಪಟ್ಟಿ ಎಳೆದಳು. ಒಂದನ್ನು ಮೂರು ಪಾಲು ಮಾಡಿದಳು, ಇನ್ನೊಂದನ್ನು ನಾಲ್ಕು. ನಾಲ್ಕು ಸಮ ಬರಲಿಲ್ಲವೆಂದು ಅಳಿಸಿ ಮತ್ತೆ ಗೆರೆ ಹಾಕಿದಳು. ಆಮೇಲೆ ಕೈ ಎತ್ತಿದಳು: ‘ಟೀಚರ್, ಹೆಚ್ಚು ಪಾಲು ಮಾಡಿದಷ್ಟೂ ಒಂದೊಂದು ಪಾಲು ಸಣ್ಣದಾಗುತ್ತದೆ. ಮೂರನೇ ಒಂದೇ ದೊಡ್ಡದು.’

ನನ್ನ ಖುಷಿಗೆ ಪಾರವಿರಲಿಲ್ಲ. ಹಿಂದೆ ಕುಳಿತು ಪಾಠ ವೀಕ್ಷಿಸುತ್ತಿದ್ದ ಮಾರ್ಗದರ್ಶಕರು ಬರೆದದ್ದು ಮಾತ್ರ ಇಷ್ಟು: ‘ತರಗತಿಯಲ್ಲಿ ಮೌನ. ವೇಗ ಸಾಲದು.’

ಮೌನವೆಂದರೆ ಪಾಠ ಕೆಟ್ಟಿತು ಎಂದು ಯಾರು ಹೇಳಿದರು? ಆ ಹೊತ್ತಿನಲ್ಲಿ ಒಂದು ಮಗು ಯೋಚಿಸುತ್ತಿತ್ತು. ಅದಕ್ಕೆ ವೀಕ್ಷಣಾ ಪತ್ರದಲ್ಲಿ ಕಾಲಂ ಇಲ್ಲ!

ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ತಜ್ಞೆ 1970ರ ದಶಕದಲ್ಲೇ ಇದನ್ನು ಅಳೆದು ತೋರಿಸಿದ್ದರು. ಪ್ರಶ್ನೆ ಕೇಳಿದ ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡು. ಅಷ್ಟರೊಳಗೆ ಇನ್ನೊಬ್ಬರ ಹೆಸರು ಕರೆಯುತ್ತಿದ್ದರು, ಇಲ್ಲವೇ ತಾವೇ ಉತ್ತರ ಹೇಳಿಬಿಡುತ್ತಿದ್ದರು. 3 ಸೆಕೆಂಡು ಕಾದಾಗ ಉತ್ತರಗಳು ಉದ್ದವಾದವು, ಬಾಯಿ ಬಿಡದ ಮಕ್ಕಳ ಸಂಖ್ಯೆ ಇಳಿಯಿತು, ಮಕ್ಕಳೇ ಪ್ರಶ್ನೆ ಕೇಳತೊಡಗಿದರು. ಒಂದು ಮಗು ಉತ್ತರಿಸಿದ ಮೇಲೂ ‘ಸರಿ, ಮುಂದೆ’ ಎನ್ನದೆ ತುಸು ತಾಳಿದರೆ ಅದೇ ಮಗು ಮಾತು ಮುಂದುವರಿಸುತ್ತದೆ ಎಂಬುದನ್ನೂ ಅವರು ಕಂಡರು. ನನಗೆ ಹೆಚ್ಚು ನೋವು ಕೊಟ್ಟದ್ದು ಮತ್ತೊಂದು ಸಂಗತಿ. ಜಾಣರೆಂದು ಶಿಕ್ಷಕರು ಎಣಿಸಿದ ಮಕ್ಕಳಿಗೆ ಹೆಚ್ಚು ಹೊತ್ತು ಸಿಗುತ್ತಿತ್ತು, ಹಿಂದುಳಿದವರೆಂದು ಎಣಿಸಿದವರಿಗೆ ಕಡಿಮೆ. ಯಾರಿಗೆ ಸಮಯ ಬೇಕೋ ಅವರಿಂದಲೇ ಕಸಿದುಕೊಳ್ಳುವುದು!

ಇದು ನನಗೇಕೆ ಇಷ್ಟು ತಾಗುತ್ತದೆ ಎಂದರೆ, ನಾನೂ ತಡವಾಗಿ ಉತ್ತರ ಹೊಳೆಯುವ ಮಗುವಾಗಿದ್ದೆ. ಉತ್ತರ ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತಿತ್ತು. ‘ಮಂದ’ ಎಂಬ ಹೆಸರನ್ನು ಎಷ್ಟೋ ವರ್ಷ ಹೊತ್ತು ತಿರುಗಿದ್ದೇನೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

‘ಪಠ್ಯ ಮುಗಿಸುವವರು ಯಾರು? ಸುಮ್ಮನಿದ್ದರೆ ಮಕ್ಕಳು ಗಲಾಟೆ ಮಾಡುವುದಿಲ್ಲವೇ?’ ಎಂದು ಹಿರಿಯ ಸಹೋದ್ಯೋಗಿಗಳು ಕೇಳುತ್ತಾರೆ. ಪಠ್ಯದ ಒತ್ತಡ ನಿಜವೇ. ಆದರೆ ಅವಸರದಲ್ಲಿ ಮುಗಿಸಿದ ಪಾಠವನ್ನು ಪರೀಕ್ಷೆಗೆ ಮೊದಲು ಮತ್ತೆ ಮೊದಲಿನಿಂದ ಹೇಳುವುದಕ್ಕೂ ಸಮಯ ಬೇಡವೇ? ಗಲಾಟೆಯ ಮಾತಂತೂ ಒಪ್ಪಲಾರೆ. ಯೋಚಿಸಲು ಏನಾದರೂ ಇರುವ ಪ್ರಶ್ನೆ ಕೇಳಿದರೆ ಮಕ್ಕಳು ಯೋಚಿಸುತ್ತಾರೆ. ಖಾಲಿ ಪ್ರಶ್ನೆ ಕೇಳಿದರೆ ತಾನೇ ಗದ್ದಲ?

ಮುಂದಿನ ಪಾಠ ಯೋಜನೆಯಲ್ಲಿ ಪ್ರತಿ ಮುಖ್ಯ ಪ್ರಶ್ನೆಯ ಕೆಳಗೆ ‘ಇಲ್ಲಿ ಕಾಯುವುದು’ ಎಂದೇ ಬರೆಯಲಿದ್ದೇನೆ. ಅಂಕ ಕಡಿದರೆ ಕಡಿಯಲಿ. ಮಾರ್ಗದರ್ಶಕರ ಮುಂದೆ ಕುಳಿತು ಆ ಹುಡುಗಿಯ ಎರಡು ಪಟ್ಟಿಗಳ ಬಗ್ಗೆಯೂ ಹೇಳುತ್ತೇನೆ.