ಮೊದಲು ಕೊನೇ ನಲ್ಲಿಯ ನೀರು ನೋಡ್ರಿ

ರಾಯಚೂರು ಸ್ಮಾರ್ಟ್ ಆಗಬೇಕು ಅಂತ ಮತ್ತೆ ಅದೇ ಚಿತ್ರ ಎಲ್ಲರೂ ಹಂಚ್ತಿದ್ದಾರೆ: ಗೋಡೆ ತುಂಬ ಪರದೆ, ಸರ್ಕಲ್‌ಗೊಂದು ಕ್ಯಾಮೆರಾ. ನೋಡಿ ಸಿಟ್ಟು ನೆತ್ತಿಗೇರಿತು. 2015ರ ಸ್ಮಾರ್ಟ್ ಸಿಟಿ ಯೋಜನೆಗೆ ರಾಜ್ಯದ 7 ಊರು ಆಯ್ಕೆಯಾದವು, ಕಲ್ಯಾಣ ಕರ್ನಾಟಕದ್ದು ಒಂದೂ ಇಲ್ಲ. ಆ ನೋವು ನನಗೂ ಇದೆ. ಆದರೆ ಕೃಷ್ಣೆ, ತುಂಗಭದ್ರೆ ಎರಡರ ನಡುವೆ ಇರುವ ಈ ಊರಲ್ಲಿ 2022ರಲ್ಲಿ ಕಲುಷಿತ ನೀರು ಕುಡಿದು ಮಂದಿ ಸತ್ತರು. ತಂತ್ರಜ್ಞಾನಕ್ಕೆ ಮೊದಲ ಕೆಲಸ ಇರೋದು ಅಲ್ಲಿ.

ಶುದ್ಧೀಕರಣ ಘಟಕದಲ್ಲಿ ಎಲ್ಲ ಸರಿ ಇದ್ದರೂ ನೀರು ದಾರಿಯಲ್ಲಿ ಕೆಡುತ್ತದೆ. ಸರದಿ ಮೇಲೆ ನೀರು ಬಿಡುವ ಊರಲ್ಲಿ ವಾಲ್ವ್ ಮುಚ್ಚಿದ ಮೇಲೆ ಪೈಪಿನ ಒತ್ತಡ ಸೊನ್ನೆಗೆ, ಒಮ್ಮೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಆಗ ಚರಂಡಿ ದಾಟಿ ಹೋದ ಮನೆ ಪೈಪಿನ ಸಡಿಲ ಜಾಯಿಂಟ್ ಕೊಳೆಯನ್ನು ಒಳಗೆಳೆದುಕೊಳ್ಳುತ್ತದೆ. ನಲ್ಲಿಗೇ ಮೋಟಾರು ಹಚ್ಚಿದರೆ ಎಳೆತ ಇನ್ನೂ ಜೋರು. ಘಟಕದ ಬಾಗಿಲಲ್ಲಿ ಕೂತ ಸೆನ್ಸರ್‌ಗೆ ಇದ್ಯಾವುದೂ ಕಾಣುವುದಿಲ್ಲ.

ಅದಕ್ಕೇ ನಮ್ಮೂರಿನ ಅಂದ್ರೂನ್ ಕಿಲ್ಲಾ ಬಡಾವಣೆಯಂಥ ಇಕ್ಕಟ್ಟಿನ ಓಣಿಗಳಲ್ಲಿ, ಪೈಪ್ ಮುಗಿಯುವ ಜಾಗದಲ್ಲಿ ಪೈಪಿನ ಒತ್ತಡ ದಾಖಲಿಸುವ ಲಾಗರ್, ಕ್ಲೋರಿನ್ ಸೆನ್ಸರ್ ಕೂರಿಸಿ. ಉಳಿಕೆ ಕ್ಲೋರಿನ್, ಅಂದರೆ ರೋಗಾಣು ಕೊಲ್ಲಲು ಹಾಕಿದ್ದರಲ್ಲಿ ನೀರಿನಲ್ಲಿ ಇನ್ನೂ ಉಳಿದದ್ದು, ಲೀಟರಿಗೆ 0.2 ಮಿಲಿಗ್ರಾಂಗಿಂತ ಇಳಿದರೆ ವಾಲ್ವ್‌ಮನ್‌ಗೂ ಎಂಜಿನಿಯರ್‌ಗೂ ತಕ್ಷಣ ಸಂದೇಶ ಹೋಗಲಿ. ಆ ಭಾಗದ ನೀರು ನಿಲ್ಲಿಸಿ, ಪೈಪಿನ ಕೊಳೆ ಹೊರಬಿಡುವ ವಾಶ್‌ಔಟ್ ವಾಲ್ವ್ ತೆಗೆದು ಪೈಪ್ ತೊಳೆಯಲಿ, ಓಣಿಯವರಿಗೆ ಕುಡಿಯಬೇಡಿ ಅಂತ ತಿಳಿಸಲಿ.

ಕೂರಿಸಿಬಿಟ್ಟರೆ ಸಾಲದು. ನೀರು ನಿಂತಾಗ ಸೆನ್ಸರ್‌ನ ಪೊರೆ ಒಣಗಿ ಸುಳ್ಳು ಅಂಕಿ ಕೊಡುತ್ತದೆ, ಹಾಗಾಗಿ ನೀರು ಹಿಡಿದಿಡುವ ಫ್ಲೋ ಸೆಲ್ ಬೇಕೇ ಬೇಕು. ವಾರಕ್ಕೊಮ್ಮೆ ಡಿಪಿಡಿ ಕಿಟ್ (ಬಣ್ಣ ನೋಡಿ ಕ್ಲೋರಿನ್ ಅಳೆಯುವ ಕೈ ಕಿಟ್) ಜೊತೆ ಅಂಕಿ ತಾಳೆ ನೋಡಬೇಕು, ಪೊರೆ ಮತ್ತು ಸೆನ್ಸರ್ ಒಳಗಿನ ಎಲೆಕ್ಟ್ರೋಲೈಟ್ ದ್ರಾವಣ ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು. ಇನ್ನು ನಮ್ಮ ಬಿಸಿಲು! 40 ಡಿಗ್ರಿ ದಾಟಿದ ದಿನ ನೆರಳಿಲ್ಲದ ಕಬ್ಬಿಣದ ಡಬ್ಬಿಯೊಳಗೆ ಬ್ಯಾಟರಿ ಬೇಗ ಸಾಯುತ್ತದೆ. ಡಬ್ಬಿಗೆ ನೆರಳಾಗಿ ಎರಡನೇ ತಗಡು, ಗಾಳಿಯಾಡುವ ಜಾಲರಿ ಇರಲೇಬೇಕು. ಹರಿದ ನೀರಿನ ಪ್ರಮಾಣ ಅಳೆಯುವ ವಿದ್ಯುತ್ಕಾಂತೀಯ ಫ್ಲೋ ಮೀಟರ್ ಕೂಡ ಹಾಕುವುದಾದರೆ ಪೈಪ್ ತುಂಬಿ ಹರಿಯಬೇಕು, ಮೀಟರ್‌ಗೆ ನೀರು ಬರುವ ಕಡೆ ಪೈಪಿನ ವ್ಯಾಸದ ಐದು ಪಟ್ಟಾದರೂ ನೇರ ಪೈಪ್ ಇರಬೇಕು, 300 ಮಿ.ಮೀ. ಪೈಪಿಗೆ ಅಂದರೆ ಒಂದೂವರೆ ಮೀಟರ್. ಬೆಂಡ್ ಪಕ್ಕದಲ್ಲೇ ಕೂರಿಸಿದ ಮೀಟರ್‌ನ ಅಂಕಿ ನಂಬುವಂಥದ್ದಲ್ಲ.

ಎಲ್ಲಕ್ಕಿಂತ ಅಪಾಯದ್ದು ಇನ್ನೊಂದು. ಸಿಮ್ ರೀಚಾರ್ಜ್ ಮುಗಿದು ಸೆನ್ಸರ್ ಸುಮ್ಮನಾದರೆ ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ಕೊನೆಯ ಅಂಕಿ ಎಲ್ಲ ಸರಿ ಇದೆ ಅನ್ನುವಂತೆ ಪರದೆ ಮೇಲೆ ಹಸಿರಾಗೇ ಉಳಿಯುತ್ತದೆ. 15 ನಿಮಿಷ ಹಳತಾದ ಅಂಕಿ ಕೆಂಪಾಗಬೇಕು ಅಂತ ಟೆಂಡರ್‌ನಲ್ಲೇ ಬರೆಸಿ.

ಗುತ್ತಿಗೆದಾರರ ಮೇಲೆ ಐದು ವರ್ಷದ ನಿರ್ವಹಣೆ ಹೊಣೆ ಇರುತ್ತದಲ್ಲ ಅಂತೀರಿ. ಇರಲಿ, ಬಿಲ್ ಯಾವುದಕ್ಕೆ? ಡಬ್ಬಿ ನೇತುಹಾಕಿದ್ದಕ್ಕೋ, ಸರಿಯಾದ ಅಂಕಿ ಬಂದ ಗಂಟೆಗಳಿಗೋ? ಎರಡನೆಯದಕ್ಕೆ ಮಾತ್ರ ದುಡ್ಡು ಕೊಡಿ.

ದುಡ್ಡಿಲ್ಲ ಅಂದರೆ ಇಷ್ಟಾದರೂ ಮಾಡಿ. ವಾಲ್ವ್‌ಮನ್ ಕೈಗೆ ಡಿಪಿಡಿ ಕಿಟ್ ಕೊಡಿ. ಕೊನೇ ನಲ್ಲಿಯ 10 ಮಿ.ಲೀ. ನೀರಿಗೆ ಒಂದು ಮಾತ್ರೆ ಹಾಕಿ, ಎದ್ದ ಗುಲಾಬಿ ಬಣ್ಣವನ್ನು ಪಟ್ಟಿಗೆ ಹೋಲಿಸಿ, ಜಾಗ ಮತ್ತು ಸಮಯದ ಸಮೇತ ಫೋಟೋ ಕಳಿಸಲಿ. ಬಣ್ಣ ಏಳಲೇ ಇಲ್ಲ ಅಂದರೆ ಆ ಓಣಿಯ ವಾಲ್ವ್ ಅವತ್ತೇ ಮುಚ್ಚಿ.