ಮುಖಪುಟದ ಮೇಲೊಂದು ನೊಣ

‘ಸರ್, ಇದು ಹಾಸ್ಯ ಕಾದಂಬರಿ. ಮುಖಪುಟ ನೋಡಿದ ಕೂಡಲೇ ನಗು ಬರಬೇಕು.’ ಮುಖಪುಟದ ಚಿತ್ರ ಬರೆಯುವ ನನಗೆ ಪ್ರಕಾಶಕರು ಇಷ್ಟು ಹೇಳಿ ಫೋನ್ ಇಟ್ಟರು. ಹಿಂದೆಯೇ ವಾಟ್ಸಾಪಿನಲ್ಲಿ ಮಾದರಿ ಬಂತು. ದಪ್ಪ ಮೂಗು, ಹೊರಗೆ ಬಿದ್ದ ಕಣ್ಣುಗುಡ್ಡೆ, ಕುಣಿಯುವ ಅಕ್ಷರ.

ನಗೆಬರಹ ಅಂದರೆ ಮುಖಪುಟದಲ್ಲಿ ಇರುವವನು ಹಲ್ಲು ಕಿರಿಯಲೇಬೇಕಾ? ನನಗಂತೂ ಇದು ಸುತಾರಾಂ ಹಿಡಿಸುವುದಿಲ್ಲ. ಜೋಕು ಹೇಳುವವನೇ ಮೊದಲು ನಕ್ಕುಬಿಟ್ಟರೆ ಕೇಳುವವನಿಗೆ ಏನು ಉಳಿಯಿತು?

ಪುಸ್ತಕ ಯಾವುದು ಅಂದರೆ, ಜೆಕ್ ಲೇಖಕ ಯಾರೊಸ್ಲಾವ್ ಹಾಶೆಕ್ ಬರೆದ ಸೈನಿಕ ಶ್ವೇಯ್ಕ್‌ನ ಕಥೆ. ಈ ಶ್ವೇಯ್ಕ್ ಪ್ರಾಗ್‌ನಲ್ಲಿ ಕಂತ್ರಿ ನಾಯಿಗಳಿಗೆ ಸುಳ್ಳು ಜಾತಿ ಕಟ್ಟಿ ಮಾರುವವನು. ಮೊದಲ ಮಹಾಯುದ್ಧ ಶುರುವಾದಾಗ ಕೀಲುನೋವು ಅಂತ ಗಾಲಿಕುರ್ಚಿಯಲ್ಲಿ ಕೂತು, ಊರುಗೋಲು ಬೀಸುತ್ತಾ, ಶತ್ರುದೇಶ ಸರ್ಬಿಯಾದ ರಾಜಧಾನಿಯ ಹೆಸರು ಹಿಡಿದು ‘ನಡೀರಿ ಬೆಲ್‌ಗ್ರೇಡಿಗೆ!’ ಅಂತ ಕೂಗುತ್ತಾ ಸೈನ್ಯ ಸೇರಲು ಹೊರಡುತ್ತಾನೆ. ಅವನು ನಿಜಕ್ಕೂ ಪೆದ್ದನೋ, ಪೆದ್ದನ ಹಾಗೆ ನಟಿಸುತ್ತಾನೋ, ಕೊನೆವರೆಗೂ ಗೊತ್ತಾಗುವುದಿಲ್ಲ. ಅಂಥವನ ತುಟಿಗೆ ಒಂದು ತುಂಟ ನಗು ಅಂಟಿಸಿದರೆ ಗುಟ್ಟು ಅಲ್ಲೇ ರಟ್ಟಾಯಿತು.

1921ರಲ್ಲಿ ಹಾಶೆಕ್ ಈ ಕಥೆಯನ್ನು ತೆಳ್ಳನೆ ಕಂತುಗಳಾಗಿ ತಾನೇ ಹೊರತಂದ. ಮುಖಪುಟ ಬರೆದವನು ಗೆಳೆಯ ಯೋಸೆಫ್ ಲಾದಾ. ಸುತ್ತ ಗುಂಡು ಹಾರುತ್ತಿವೆ, ಬಾಂಬು ಸಿಡಿಯುತ್ತಿವೆ. ನಡುವೆ ಶ್ವೇಯ್ಕ್ ಆರಾಮಾಗಿ ಪೈಪ್ ಹೊತ್ತಿಸುತ್ತಿದ್ದಾನೆ. ಅಷ್ಟೇ. ಹಾಸ್ಯದ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಮುಖಪುಟ ನಾನು ನೋಡಿಲ್ಲ. ಚಿತ್ರ ತಂದುಕೊಟ್ಟ ದಿನ ಹಾಶೆಕ್ ಮತ್ತು ಅವನ ಪಾಲುದಾರ ಬಿಯರ್ ಅಂಗಡಿಯಲ್ಲಿ ಕೂತು, ಹರಾಜು ಕೂಗಿದ ಹಾಗೆ ಲಾದಾನ ಸಂಭಾವನೆ ಏರಿಸುತ್ತಾ ಹೋದರಂತೆ. ಕೊನೆಗೆ ಅವನ ಕೈಗೆ ಒಂದು ಕಾಸೂ ಬರಲಿಲ್ಲ. (ನನಗೆ ಅರ್ಧ ಅಡ್ವಾನ್ಸ್ ಬಂದಿದೆ. ಪುಣ್ಯ.)

ಇನ್ನೊಂದು ವಿಷಯ. ನಾವು ಈಗ ಶ್ವೇಯ್ಕ್ ಅಂದ ಕೂಡಲೇ ಕಣ್ಣಮುಂದೆ ಬರುವ ಗುಂಡುಗುಂಡಾದ ಆಸಾಮಿ ಆ ಮುಖಪುಟದವನಲ್ಲ. ಹಾಶೆಕ್ 1923ರ ಜನವರಿಯಲ್ಲಿ, ಬರೀ 39ನೇ ವಯಸ್ಸಿಗೆ, ಕಾದಂಬರಿ ಮುಗಿಸದೆ ತೀರಿಕೊಂಡ. ಲಾದಾ ಪತ್ರಿಕೆಯೊಂದಕ್ಕೆ ಶ್ವೇಯ್ಕ್‌ನ ನೂರಾರು ಚಿತ್ರ ಬರೆದದ್ದು ಅದರ ಮರುವರ್ಷದಿಂದ. ಗುಂಡಗಿನ ಆಸಾಮಿ ಹುಟ್ಟಿದ್ದು ಅಲ್ಲಿ. ಜಗತ್ತಿಗೆಲ್ಲ ಗೊತ್ತಿರುವ ಆ ಮುಖವನ್ನು ಅವನನ್ನು ಸೃಷ್ಟಿಸಿದವನೇ ನೋಡಲಿಲ್ಲ.

ನಮ್ಮಂಥವರ ಫಜೀತಿ ಇಲ್ಲೇ ಶುರು. ಲಾದಾನ ಹಾಗೆ ಬರೆದರೆ ನಕಲು. ಬೇರೆ ಥರ ಬರೆದರೆ ‘ಇವನ್ಯಾರು?’ ಅಂತಾರೆ. ಒಂದು ವಾರ ಮುಖ ಬರೆಯುವುದು, ಹರಿಯುವುದು. ಸಾಕಾಗಿ ಮೊದಲ ಅಧ್ಯಾಯ ಮತ್ತೆ ತೆಗೆದೆ.

ಅಲ್ಲಿ ಪಾಲಿವೆಟ್ಸ್ ಅನ್ನುವವನ ಬಿಯರ್ ಅಂಗಡಿ ಬರುತ್ತದೆ. ಮಫ್ತಿಯಲ್ಲಿ ಬಂದ ಪೊಲೀಸು ಕೇಳುತ್ತಾನೆ: ಈ ಕನ್ನಡಿ ಇರುವ ಜಾಗದಲ್ಲಿ ಆಸ್ಟ್ರಿಯಾದ ಚಕ್ರವರ್ತಿಯ ಪಟ ಇತ್ತಲ್ಲ, ಎಲ್ಲಿ? ನೊಣಗಳು ಅದರ ಮೇಲೆ ಹೇಲುತ್ತಿದ್ದವು, ಅದಕ್ಕೇ ಅಟ್ಟಕ್ಕೆ ಹಾಕಿದೆ ಅಂತಾನೆ ಪಾಲಿವೆಟ್ಸ್. ಅಷ್ಟಕ್ಕೇ ಅವನಿಗೆ ಹತ್ತು ವರ್ಷ ಜೈಲು.

ಸಿಕ್ಕಿತು ಅನ್ನಿಸಿತು. ಇಡೀ ಮುಖಪುಟ ಒಂದು ಹಳೇ ಕನ್ನಡಿ. ಅದರೊಳಗೆ ಬಿಯರ್ ಲೋಟ ಹಿಡಿದ ಶ್ವೇಯ್ಕ್. ರೇಷನ್ ಅಂಗಡಿ ಕ್ಯೂನಲ್ಲಿ ನಿಂತವನ ಮುಖ. ಮೇಲೆ ಬಲಮೂಲೆಯಲ್ಲಿ ಒಂದೇ ಒಂದು ನೊಣ.

ಶ್ವೇಯ್ಕ್ ಒಂದೇ ಸಂಜೆಗೆ ಮುಗಿದ. ನೊಣಕ್ಕೆ ಎರಡು ದಿನ ಹಿಡಿಯಿತು. ಬಚ್ಚಲುಮನೆ ಕನ್ನಡಿಗೆ ಬೆಲ್ಲದ ನೀರು ಸವರಿ ಕಾದು ಕೂತೆ. (ಮನೆಯವಳು ಏನೂ ಕೇಳಲಿಲ್ಲ. ಅಭ್ಯಾಸ ಆಗಿದೆ.) ಒಂದು ಬಂದು ಕೂತಾಗ ಗೊತ್ತಾಯಿತು: ಕನ್ನಡಿಯಲ್ಲಿ ನೊಣದ ಕಾಲು, ಅದರ ಪ್ರತಿಬಿಂಬದ ಕಾಲು ಒಂದಕ್ಕೊಂದು ತಾಗುವುದಿಲ್ಲ. ಗಾಜಿನ ದಪ್ಪದಿಂದಾಗಿ ನಡುವೆ ಸಂದು ಉಳಿಯುತ್ತದೆ. ಆ ಕೂದಲೆಳೆಯಷ್ಟು ಸಂದು ಬಿಟ್ಟರೆ ಮಾತ್ರ ನೊಣ ನಿಜವಾಗಿ ಪುಸ್ತಕದ ಮೇಲೇ ಕೂತ ಹಾಗೆ ಕಾಣುತ್ತದೆ.

‘ನಗು ಎಲ್ಲಿ ಸರ್?’ ಅಂದರು ಪ್ರಕಾಶಕರು. ಪುಸ್ತಕ ಕೈಗೆತ್ತಿಕೊಂಡವನು ನೊಣ ಓಡಿಸಲು ಹೋಗುತ್ತಾನಲ್ಲ, ಆಗ ಬರುತ್ತದೆ ಅಂದೆ. ಅರೆಮನಸ್ಸಿನಲ್ಲೇ ಒಪ್ಪಿದರು.

ನಿನ್ನೆ ಪ್ರೆಸ್ಸಿನ ಹುಡುಗ ಫೋನ್ ಮಾಡಿದ. ‘ಸರ್, ನಿಮ್ಮ ಫೈಲಲ್ಲಿ ಮೇಲ್ಗಡೆ ಏನೋ ಕಪ್ಪು ಕಲೆ ಇತ್ತು. ಝೂಮ್ ಮಾಡಿ ನೋಡಿದ್ರೆ ನೊಣ! ಸ್ಕ್ಯಾನರ್ ಒಳಗೆ ಸಿಕ್ಕಿಹಾಕಿಕೊಂಡಿರಬೇಕು. ನಾನೇ ನೀಟಾಗಿ ತೆಗೆದು ಪ್ಲೇಟ್ ಹಾಕಿಸಿದೆ. ಎಕ್ಸ್‌ಟ್ರಾ ಏನೂ ಕೊಡೋದು ಬೇಡ ಸರ್.’