ಹಾಡಿದವರ ಹೆಸರಿದೆ, ಹಿಡಿದಿಟ್ಟವರ ಹೆಸರಿಲ್ಲ

ಊರಿನ ಹಿರಿಯರ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ಹಿಂದೂಸ್ತಾನಿ ಗಾಯಕ ಪಂಡಿತ ಬಸವರಾಜ ರಾಜಗುರು ಅವರ ಬೈಠಕ್ಕಿನ (ಮನೆಕಛೇರಿಯ) ತುಣುಕೊಂದು ಬಂತು. ದ್ರುತ್ ಲಯ ಏರುತ್ತಿತ್ತು, ಕೂತವರ ‘ವಾಹ್’ಗಳು ಮೈಕಿನ ಬಗಲಲ್ಲೇ ಕೇಳುತ್ತಿದ್ದವು, ತಾನಿನ ನಡುವೆ ಪಟ್ಟನೆ ನಿಂತಿತು. ಯಾವ ಊರಿನದು, ಯಾವ ವರ್ಷದ್ದು, ತಬಲಾ ಸಾಥ್ ಯಾರದು ಎಂದು ಕೇಳಿದ್ದಕ್ಕೆ ಉತ್ತರ: ‘ಅದೆಲ್ಲಾ ಯಾಕ್ ಬೇಕ್ರೀ, ಕೇಳಿ ಆನಂದ ಪಡ್ರಿ.’

ಈ ಮಾತು ನನಗೆ ನಾಟಿತು. ನಾನಿರುವ ಅಮೆರಿಕದ ಮಿಲ್ವಾಕಿಯಲ್ಲಿ ಒಂದು ಕಾಫಿಹೌಸಿನಲ್ಲಿ 1968ರ ಜೂನ್ 22ರ ರಾತ್ರಿ ಒಬ್ಬ ಗಿಟಾರ್ ವಾದಕ ನುಡಿಸಿದ್ದು ಇಂದು ಪೂರ್ತಿಯಾಗಿ ಸಿಗುತ್ತದೆ. ಜಾಗ, ತಾರೀಖು, ಬಾಸ್ ನುಡಿಸಿದವರು, ಡ್ರಮ್ಸ್ ನುಡಿಸಿದವರು ಎಲ್ಲ ಅಚ್ಚಾಗಿದೆ. ಟೇಪ್ ಮೆಷಿನ್ನಿನ ಮುಂದೆ ಕೂತ ಜಿಮ್ ಚಾರ್ನ್ ಹೆಸರೂ ಇದೆ. ವಾದಕ ಮ್ಯಾಜಿಕ್ ಸ್ಯಾಮ್. ನಮ್ಮಲ್ಲಿ ಈ ಹೆಸರು ಕೇಳಿದವರು ಕಡಿಮೆ. ಅಮೆರಿಕದ ಕರಿಯರ ಸಂಗೀತವಾದ ಬ್ಲೂಸ್ ಕೇಳುವ ಅಮೆರಿಕನ್ನರಲ್ಲೂ ಬಡ್ಡಿ ಗೈ, ಬಿ.ಬಿ. ಕಿಂಗ್ ಹೆಸರು ಬಂದಷ್ಟು ಬೇಗ ಇವರದು ಬಾಯಿಗೆ ಬರುವುದಿಲ್ಲ.

ಸ್ಯಾಮ್ಯುಯೆಲ್ ಮ್ಯಾಗೆಟ್ ಹುಟ್ಟಿದ್ದು 1937ರಲ್ಲಿ, ಮಿಸಿಸಿಪ್ಪಿಯ ಗ್ರೆನಡಾ ಬಳಿ. ಹುಡುಗನಿದ್ದಾಗಲೇ ಷಿಕಾಗೋ ಸೇರಿ ಪಶ್ಚಿಮ ಭಾಗದ ಕ್ಲಬ್ಬುಗಳಲ್ಲಿ ಬೆಳೆದರು. 1957ರಲ್ಲಿ ಕೋಬ್ರಾ ಎಂಬ ಸಣ್ಣ ಕಂಪನಿಗೆ ಕೊಟ್ಟ ಮೊದಲ ಗ್ರಾಮಫೋನ್ ತಟ್ಟೆಯಲ್ಲೇ ಅವರ ಗುರುತು ಸಿಕ್ಕಿಬಿಡುತ್ತದೆ: ಆಂಪ್ಲಿಫೈಯರಿನ ಟ್ರೆಮೊಲೊದಲ್ಲಿ ಅಲೆಯಲೆಯಾಗಿ ನಡುಗುವ ತಂತಿ, ಅದರ ಮೇಲೆ ಎಳೆದು ಹಾಡುವ ಎತ್ತರದ ಕಂಠ. ಸೈನ್ಯಕ್ಕೆ ಕರೆ ಬಂದು, ಅಲ್ಲಿಂದ ತಪ್ಪಿಸಿಕೊಂಡು, ಜೈಲು ಕಂಡು ಹೊರಬಂದಾಗ ಕೆಲವು ವರ್ಷ ಕೈಜಾರಿದ್ದವು. ಷಿಕಾಗೋದ ಡೆಲ್‌ಮಾರ್ಕ್ ಕಂಪನಿಯ ಬಾಬ್ ಕೋಸ್ಟರ್ 1967-68ರಲ್ಲಿ ಎರಡು ಆಲ್ಬಂಗಳನ್ನು ಮಾಡಿಸಿದರು. 1969ರ ಆಗಸ್ಟಿನಲ್ಲಿ ಆನ್ ಆರ್ಬರ್ ಬ್ಲೂಸ್ ಉತ್ಸವದಲ್ಲಿ ಜನ ಎದ್ದು ಕುಣಿದರು. ಅದೇ ಡಿಸೆಂಬರ್ 1ರಂದು ಹೃದಯಾಘಾತ. ವಯಸ್ಸು 32.

ಸ್ಟುಡಿಯೋ ಆಲ್ಬಂಗಳು ಚೆನ್ನಾಗಿವೆ, ಆದರೆ ಅಲ್ಲಿ ಇನ್ನೊಂದು ಗಿಟಾರ್ ಇದೆ, ಪಿಯಾನೋ ಇದೆ, ಎರಡನೆಯದರಲ್ಲಿ ಸ್ಯಾಕ್ಸೊಫೋನೂ ಇದೆ. ಮಿಲ್ವಾಕಿಯಲ್ಲಿ ಇದ್ದವರು ಮೂರೇ ಜನ: ಸ್ಯಾಮ್, ಬಾಸಿಗೆ ಬಿಗ್ ಮೋಜೊ ಎಲೆಮ್, ಡ್ರಮ್ಸಿಗೆ ಬಾಬ್ ರಿಚಿ. ಹಾಗಾಗಿ ತಾಳ ಹಿಡಿಯುವ ಸ್ವರಗುಚ್ಛಗಳೂ (ಕಾರ್ಡ್), ಹಾಡಿನ ಸಾಲುಗಳ ನಡುವೆ ತುಂಬುವ ಮಾತೂ ಒಂದೇ ಗಿಟಾರಿನಿಂದ ಬರಬೇಕು. ಸ್ಯಾಮ್ ತಂತಿ ಮೀಟುವ ಪ್ಲಾಸ್ಟಿಕ್ ಪಿಕ್ ಹಿಡಿಯುತ್ತಿರಲಿಲ್ಲ, ಬೆರಳಲ್ಲೇ ನುಡಿಸುತ್ತಿದ್ದರು. ಹೆಬ್ಬೆರಳು ಕೆಳ ತಂತಿಗಳನ್ನು ಹೊಡೆಯುತ್ತಿರುವಾಗಲೇ ತೋರುಬೆರಳು ಮೇಲಿನ ತಂತಿಯನ್ನು ಮೀಟಿ ಬಿಡುತ್ತದೆ. ಎರಡು ಗಿಟಾರ್ ಇದ್ದ ಕಡೆ ಇದು ಕಿವಿಗೆ ಬೀಳುವುದೇ ಇಲ್ಲ. ಕಾಫಿಹೌಸ್ ಆದ್ದರಿಂದ ಜನ ಕೂತು ಕೇಳಿದ್ದಾರೆ. ಹಾಡು ಮುಗಿದಾಗ ಚಪ್ಪಾಳೆ, ನಡುವೆ ನಿಶ್ಶಬ್ದ. 1963-64ರಲ್ಲಿ ಷಿಕಾಗೋದ ಅಲೆಕ್ಸ್ ಕ್ಲಬ್ಬಿನಲ್ಲಿ ಹಿಡಿದದ್ದನ್ನೂ ಆನ್ ಆರ್ಬರ್ ಉತ್ಸವದ್ದನ್ನೂ ಡೆಲ್‌ಮಾರ್ಕ್ 1981ರಲ್ಲಿ ಸೇರಿಸಿ ತಂದಿತ್ತು. ಅವುಗಳಲ್ಲಿ ಕಿಚ್ಚು ಹೆಚ್ಚು, ಆದರೆ ಧ್ವನಿ ಒಡೆದಿದೆ, ಬೆರಳಿನ ಕೆಲಸ ಕೇಳುವುದಿಲ್ಲ. 2013ರಲ್ಲಿ ಮಿಲ್ವಾಕಿಯ ಟೇಪು ಹೊರಬಂದ ಮೇಲೆಯೇ ಆ ಕೈ ಏನು ಮಾಡುತ್ತಿತ್ತು ಅನ್ನುವುದು ನನಗೆ ಸ್ಪಷ್ಟವಾದದ್ದು.

ಆನ್ ಆರ್ಬರಿನ ಉತ್ಸವವನ್ನು ಸಣ್ಣ ರೆಕಾರ್ಡರಿನಲ್ಲಿ ಹಿಡಿದಿದ್ದ ಜಿಮ್ ಫಿಶೆಲ್ ಎಂಬ ವಿದ್ಯಾರ್ಥಿಯ ಟೇಪುಗಳು ಐವತ್ತು ವರ್ಷದ ನಂತರ, 2019ರಲ್ಲಿ, ಥರ್ಡ್ ಮ್ಯಾನ್ ಕಂಪನಿಯಿಂದ ಬಂದವು. ಅದರ ಹಿಂದೆ ನಿಂತವರು ಅವರ ಮಗ ಪಾರ್ಕರ್. ನಮ್ಮಲ್ಲಿ ಅಪ್ಪ ತೀರಿಕೊಂಡ ಮೇಲೆ ಟೇಪು ಸುತ್ತಿದ ಸ್ಪೂಲುಗಳ ಗತಿ ಏನಾಗುತ್ತದೆ? ಮನೆ ಪಾಲಾಗುವಾಗ ಗುಜರಿಯವನಿಗೆ ಮೆಷಿನ್ನಿನ ತಾಮ್ರ ಬೇಕು, ಟೇಪು ಬೇಡ. ಹಾಗೆ ಹೋದವು ಕಡಿಮೆಯಲ್ಲ. ಧಾರವಾಡ, ಹುಬ್ಬಳ್ಳಿ, ಗದಗಗಳ ಮನೆಗಳ ಬೈಠಕ್ಕು, ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿ, ಮೈಸೂರಿನ ಗಣೇಶೋತ್ಸವ: ಮುಂದಿನ ಸಾಲಿನಲ್ಲಿ ರೆಕಾರ್ಡರ್ ಇಟ್ಟುಕೊಂಡು ಕೂತವರು ಎಲ್ಲೆಲ್ಲೂ ಇದ್ದರು. ಸಂಗೀತದ ಮೇಲಿನ ಪ್ರೀತಿಯಲ್ಲಿ ಮಿಲ್ವಾಕಿಯ ಹುಡುಗರಿಗೆ ನಮ್ಮವರೇನೂ ಕಡಿಮೆಯಿರಲಿಲ್ಲ. ಕಡಿಮೆ ಬಿದ್ದದ್ದು ಡಬ್ಬಿಯ ಮೇಲೆ ಬರೆಯುವ ಎರಡು ಸಾಲು. ‘ರಾಜಗುರು, ಭಾಳ ಛಲೋ’ ಎಂದಿಷ್ಟೇ ಬರೆದ ಡಬ್ಬಿಯನ್ನು ಇವತ್ತು ಯಾರಾದರೂ ಏನು ಮಾಡಬೇಕು?

ಅಟ್ಟದಲ್ಲಿ ಇನ್ನೂ ಸ್ಪೂಲು, ಕ್ಯಾಸೆಟ್ ಇರುವವರು ದಯವಿಟ್ಟು ಮೆಷಿನ್ನಿಗೆ ಹಾಕುವ ಮುನ್ನ ಅವನ್ನು ನೋಡಿ, ಮೂಸಿ. ಸ್ಪೂಲನ್ನು ಬೆಳಕಿಗೆ ಹಿಡಿದಾಗ ಸುತ್ತುಗಳ ನಡುವಿನಿಂದ ಕಂದುಬೆಳಕು ಹಾಯ್ದರೆ ಅದು ಅಸಿಟೇಟ್ ಟೇಪು, ಹಾಯದಿದ್ದರೆ ಪಾಲಿಯೆಸ್ಟರ್. ಅಸಿಟೇಟ್ ಕೆಡುವಾಗ ವಿನಿಗರಿನ ಹುಳಿ ವಾಸನೆ ಬರುತ್ತದೆ, ಅಂಚು ಅಲೆಯಂತೆ ಮುದುರುತ್ತದೆ, ಎಳೆದರೆ ಕಡ್ಡಿಯಂತೆ ಮುರಿಯುತ್ತದೆ. ವಾಸನೆ ಶುರುವಾದದ್ದು ಮೊದಲ ಸರದಿಯಲ್ಲಿ ಆಗಬೇಕು, ಉಳಿದವುಗಳಿಂದ ದೂರ ಇಡಬೇಕು, ಏಕೆಂದರೆ ಆ ಆವಿ ಪಕ್ಕದ ಅಸಿಟೇಟನ್ನೂ ಕೆಡಿಸುತ್ತದೆ. ಟೇಪನ್ನು ‘ಬೇಕ್’ ಮಾಡಬೇಕು ಎಂದು ಎಲ್ಲೋ ಓದಿದವರು ಇದನ್ನು ಒಲೆಗಿಟ್ಟು ಹಾಳು ಮಾಡುತ್ತಾರೆ. ಬೇಕ್ ಮಾಡುವುದು ಬೇರೆ ರೋಗಕ್ಕೆ: ಎಪ್ಪತ್ತರ ದಶಕದ ನಡುವಿನಿಂದ ಬಂದ, ಹಿಂಬದಿಗೆ ಕಪ್ಪು ಲೇಪವಿರುವ ಆಂಪೆಕ್ಸ್ 406, 456ರಂಥ ಟೇಪುಗಳ ಅಂಟು ತೇವ ಹೀರಿ, ಟೇಪನ್ನು ಓದುವ ಹೆಡ್ಡಿಗೆ ಮೆತ್ತಿಕೊಂಡು ಕಿರುಗುಟ್ಟುತ್ತದೆ. ಅದನ್ನು ಶಾಖ ಒಂದೇ ಮಟ್ಟದಲ್ಲಿ ನಿಲ್ಲುವ ಓವನ್ನಿನಲ್ಲಿ ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟು ಗಂಟೆಯಾದರೂ ಇಟ್ಟು, ಆರಿಸಿ, ಕೆಲವೇ ವಾರದಲ್ಲಿ ನಕಲು ಮಾಡಿಕೊಳ್ಳುತ್ತಾರೆ. ಅಡುಗೆಮನೆಯ ಓವನ್, ಮೈಕ್ರೋವೇವ್ ಎರಡೂ ಬೇಡ. ನಮ್ಮ ಮನೆಗಳ ಅರವತ್ತರ ದಶಕದ ಸ್ಪೂಲುಗಳಿಗೆ ಬೇಕಿಂಗ್ ಅಗತ್ಯವೇ ಬೀಳುವುದಿಲ್ಲ.

ಸ್ಪೂಲಿನ ಇನ್ನೊಂದು ತೊಡಕು ಟ್ರ್ಯಾಕುಗಳದ್ದು, ಅಂದರೆ ಟೇಪಿನ ಉದ್ದಕ್ಕೂ ಧ್ವನಿ ಕೂರುವ ಪಟ್ಟಿಗಳದ್ದು. ಟೇಪು ದುಬಾರಿಯಿದ್ದ ಕಾಲದಲ್ಲಿ ಕಾಲಂಗುಲದ ಅಗಲದಲ್ಲಿ ನಾಲ್ಕು ಟ್ರ್ಯಾಕು, ಒಂದೊಂದರಲ್ಲಿ ಒಂದೊಂದು ಕಛೇರಿ. ಸ್ಟುಡಿಯೋದ ಪೂರ್ಣ ಟ್ರ್ಯಾಕಿನ ಮೆಷಿನ್ನಿನಲ್ಲಿ ಹಾಕಿದರೆ ನಾಲ್ಕೂ ಒಟ್ಟಿಗೆ, ಎರಡು ತಿರುಗುಮುರುಗಾಗಿ ಕೇಳಿ, ‘ಕೆಟ್ಟುಹೋಗಿದೆ’ ಎಂದು ಎಸೆಯುತ್ತಾರೆ. ಕೆಟ್ಟಿರುವುದಿಲ್ಲ. ಕ್ವಾರ್ಟರ್ ಟ್ರ್ಯಾಕ್ ಹೆಡ್ ಇರುವ ಮೆಷಿನ್ ಬೇಕು, ಅಷ್ಟೇ.

ಊರಿನಿಂದ ಅಪ್ಪನ ಮೆಷಿನ್ನನ್ನೇ ಅಮೆರಿಕಕ್ಕೆ ತಂದವರಿಗೆ ಒಂದು ಮಾತು. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಬದಲಿಸುತ್ತದೆ, ಕರೆಂಟಿನ ಆವರ್ತನವನ್ನಲ್ಲ. ಭಾರತದಲ್ಲಿ 50 ಹರ್ಟ್ಸ್, ಇಲ್ಲಿ 60. ಎಸಿ ಮೋಟಾರಿನ ಹಳೆಯ ಮೆಷಿನ್ ಇಲ್ಲಿ ನೂರಕ್ಕೆ ಇಪ್ಪತ್ತರಷ್ಟು ಜೋರಾಗಿ ಓಡುತ್ತದೆ, ಶ್ರುತಿ ಹಾರ್ಮೋನಿಯಂನ ಮೂರು ಮನೆಗೂ ಮಿಕ್ಕಿ ಏರುತ್ತದೆ. ಮೋಟಾರಿನ ಪುಲಿ (ಗಾಲಿ) ಬದಲಿಸಬೇಕು, ಇಲ್ಲವೇ ಕಂಪ್ಯೂಟರಿನಲ್ಲಿ ಇಳಿಸಬೇಕು.

ಇದೇ ಕರೆಂಟಿನ ಗುಂಯ್‌ಗುಟ್ಟುವಿಕೆ ಉಪಕಾರವನ್ನೂ ಮಾಡುತ್ತದೆ. ಮಿಲ್ವಾಕಿಯ ಆಂಪ್ಲಿಫೈಯರಿನ ಗುಂಯ್ 60ರಲ್ಲೋ 120ರಲ್ಲೋ ನಿಲ್ಲಬೇಕು. ಚಾಮರಾಜಪೇಟೆಯದು 50 ಅಥವಾ 100ರಲ್ಲಿ. ಧ್ವನಿಯ ಆವರ್ತನಗಳ ಪಟವನ್ನು ಕಂಪ್ಯೂಟರಿನಲ್ಲಿ ತೆಗೆದು ನೋಡಿದಾಗ ನಮ್ಮ ಕಛೇರಿಯ ಗುಂಯ್ 53ರಲ್ಲಿದ್ದರೆ ವೇಗ ನೂರಕ್ಕೆ ಆರು ಹೆಚ್ಚಾಗಿದೆ. ಹಾರ್ಮೋನಿಯಂನ ಕಪ್ಪು ಒಂದರಲ್ಲಿ ಹಾಡಿದವರು ಬಿಳಿ ಎರಡರಲ್ಲಿ ಹಾಡಿದಂತೆ ಕೇಳುತ್ತದೆ. ಆಗ ನಮ್ಮ ಕರೆಂಟು 50ಕ್ಕೇ ಕಚ್ಚಿಕೊಂಡು ನಿಲ್ಲುತ್ತಿರಲಿಲ್ಲ, ಹೊರೆ ಹೆಚ್ಚಿದಾಗ ಇಳಿಯುತ್ತಿತ್ತು. ಆದ್ದರಿಂದ ಗಾಯಕರ ಗೊತ್ತಿರುವ ಶ್ರುತಿಯ ಜೊತೆಗೂ ಹೋಲಿಸಿ ನೋಡಿ. ಬ್ಯಾಟರಿ ರೆಕಾರ್ಡರ್ ಆಗಿದ್ದರೆ ಗುಂಯ್ ಸಿಗದೇ ಇರಬಹುದು, ಇನ್ನೊಂದು ಸಿಗುತ್ತದೆ: ಬ್ಯಾಟರಿ ಇಳಿದಂತೆ ರೆಕಾರ್ಡಾಗುವಾಗ ಟೇಪು ನಿಧಾನವಾಗಿರುತ್ತದೆ, ಈಗ ಸರಿಯಾದ ವೇಗದಲ್ಲಿ ಕೇಳಿದರೆ ತಂಬೂರಿಯೇ ಮೆಲ್ಲಗೆ ಮೇಲೇರುತ್ತದೆ. ಗುಂಪಿಗೆ ಬಂದ ಆ ರಾಜಗುರು ತುಣುಕೂ ಹಾಗೇ ಏರುತ್ತದೆ.

ಕ್ಯಾಸೆಟ್ಟಿಗೆ ಬಂದರೆ, ಕರಾವಳಿ ಮಲೆನಾಡಿನವರು ಮೊದಲು ಕ್ಯಾಸೆಟ್ಟಿನ ಕಿಟಕಿಯಿಂದ ಬೂಷ್ಟು ನೋಡಬೇಕು. ಸುತ್ತಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಹಾಕಬೇಡಿ. ಮೆಷಿನ್ನಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಕೆಲವು ದಿನ ಇಟ್ಟು ಒಣಗಿಸಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಒರೆಸಬೇಕು. ಧ್ವನಿ ಮಂಕಾಗಿ, ಬಂದು ಹೋಗಿ ಮಾಡಿದರೆ ಟೇಪಿನ ಹಿಂದಿನ ಪುಟ್ಟ ಬಟ್ಟೆಯ ಪ್ಯಾಡ್ ಬಿದ್ದಿರುತ್ತದೆ. ಐದು ಸ್ಕ್ರೂ ಇರುವ ಬೇರೆ ಕ್ಯಾಸೆಟ್ಟಿನ ಚಿಪ್ಪು ತೆಗೆದು ಸುರುಳಿಯನ್ನು ಅದಕ್ಕೆ ಕೂರಿಸಿದರೆ ಮುಗಿಯಿತು. ತುಂಡಾದ ಕಡೆ ಸೆಲ್ಲೊಟೇಪ್ ಬಳಿಯಬೇಡಿ, ಅದರ ಗೋಂದು ವರ್ಷದಲ್ಲಿ ಒಸರಿ ಮುಂದಿನ ಸುತ್ತಿಗೆ ಹಿಡಿಯುತ್ತದೆ. ಟೇಪು ಜೋಡಿಸಲೆಂದೇ ಇರುವ ಸ್ಪ್ಲೈಸಿಂಗ್ ಟೇಪೇ ಆಗಬೇಕು. ಪ್ಲೇ ಮಾಡುವ ಮುನ್ನ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುತ್ತಿ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಎರಡೂ ಚಾನೆಲ್ ಸೇರಿಸಿ ಕೇಳುತ್ತ, ತಬಲಾದ ಕಿನಾರಿನ (ಅಂಚಿನ) ಪೆಟ್ಟು ಅತ್ಯಂತ ಚೂಪಾಗುವ ಕಡೆ ನಿಲ್ಲಿಸಿ. ಇದನ್ನು ಬಹುತೇಕ ಜನ ಮಾಡುವುದಿಲ್ಲ, ಆಮೇಲೆ ಟ್ರೆಬಲ್ ಏರಿಸಿ ಗೊರಗೊರವನ್ನೂ ಏರಿಸುತ್ತಾರೆ. ಗೊರಗೊರ ತಗ್ಗಿಸುವ ಡಾಲ್ಬಿ ಇಲ್ಲದೆ ಹಿಡಿದದ್ದಕ್ಕೆ ಡಾಲ್ಬಿ ಗುಂಡಿ ಒತ್ತಬಾರದು.

ಕಂಪ್ಯೂಟರಿಗೆ 24 ಬಿಟ್, 96 ಕಿಲೋಹರ್ಟ್ಸ್ ವೇವ್ ಕಡತವಾಗಿ ಇಳಿಸಿ, ಅತಿ ಜೋರಾದ ಜಾಗ ಮೈನಸ್ 6 ಡೆಸಿಬೆಲ್ ದಾಟದಿರಲಿ. ಸ್ಟೀರಿಯೊ ಆದರೆ ಗಂಟೆಗೆ ಸುಮಾರು 2 ಜಿಬಿ ಆಗುತ್ತದೆ, ಇವತ್ತಿಗೆ ಅದು ದೊಡ್ಡ ಗಾತ್ರವಲ್ಲ. ಗೊರಗೊರ ತೆಗೆಯುವ ಉತ್ಸಾಹವನ್ನು ಮೂಲದ ಮೇಲೆ ತೋರಿಸಬೇಡಿ. ತಂಬೂರಿಯ ಜವಾರಿ (ಝೇಂಕಾರ) ಮೊದಲು ಹೋಗುವುದೇ ಅಲ್ಲಿ. ಮೂಲ ಹಾಗೇ ಇರಲಿ, ಒರೆಸಿದ್ದು ಬೇರೆ ಪ್ರತಿ. ಕಡತದ ಹೆಸರಿನಲ್ಲೇ ವರ್ಷ, ಊರು, ಹಾಡಿದವರು, ಪಕ್ಕವಾದ್ಯದವರು, ಹಿಡಿದವರು. ಗೊತ್ತಿರುವ ಹಿರಿಯರನ್ನು ಕೂರಿಸಿ ಕೇಳಿಸಿದರೆ ತಬಲಾ ಯಾರದೆಂದು ತಾಳದ ಎರಡು ಸುತ್ತಿನೊಳಗೆ ಹೇಳುತ್ತಾರೆ. ಆ ಹಿರಿಯರಿಗೆ ಈಗ ಎಂಬತ್ತು ದಾಟಿದೆ. ಒಂದು ಪ್ರತಿಯನ್ನು ಮನೆಯ ಹೊರಗೆ ಕೊಡಿ. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ 1982ರಿಂದ ನಡೆಸುತ್ತಿರುವ, ಈಗ ಗುರುಗ್ರಾಮದಲ್ಲಿರುವ ಧ್ವನಿ ಸಂಗ್ರಹಾಲಯ ಇರುವುದೇ ಇಂಥದಕ್ಕೆ.

ಇಷ್ಟು ಹೇಳಿದ ಮೇಲೆ ಇಲ್ಲಿನವರ ಬಗ್ಗೆಯೂ ಇರುವುದನ್ನು ಹೇಳಲೇಬೇಕು. ಮಿಲ್ವಾಕಿಯ ಟೇಪು ಬೆಳಕು ಕಂಡದ್ದು ನಲವತ್ತೈದು ವರ್ಷದ ಮೇಲೆ. ಆ ಕಾಲವೆಲ್ಲ ಅದು ನಮ್ಮ ಅಟ್ಟದ ಸ್ಪೂಲಿನಷ್ಟೇ ಮೂಕವಾಗಿತ್ತು. ಸ್ಯಾಮ್ ಬದುಕಿದ್ದಾಗ ಅವರನ್ನು ಕೇಳಿ ಕುಣಿದ ಷಿಕಾಗೋ ಪಶ್ಚಿಮ ಭಾಗದ ಕರಿಯರ ಬೀದಿಗಳು, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ನಂತರ 1968ರ ಏಪ್ರಿಲ್‌ನಲ್ಲಿ ಹೊತ್ತಿ ಉರಿದವು. ಟೇಪು ಉಳಿಸಿಕೊಂಡವರು ಹೆಚ್ಚಾಗಿ ಹೊರಗಿನಿಂದ ಬಂದ ವಿದ್ಯಾರ್ಥಿಗಳು. ಹೆಸರು, ತಾರೀಖು ಎಲ್ಲ ಅಚ್ಚಾದಾಗ ಕಲಾವಿದ ಸತ್ತು ದಶಕಗಳಾಗಿದ್ದವು. ರಾಜಗುರು ಅವರಿಗೆ ನಮ್ಮಲ್ಲಿ ಹಾಗಾಗಲಿಲ್ಲ: 1975ರಲ್ಲಿ ಪದ್ಮಶ್ರೀ, 1991ರಲ್ಲಿ ಪದ್ಮಭೂಷಣ ಬಂದವು. ಅವರೆದುರು ಬೆಳಗಿನವರೆಗೂ ಕೂತು ಕೇಳುವ ಜನ ಇದ್ದರು, ಅವರನ್ನು ಹೆಸರು ಹಿಡಿದು ನೆನೆಯುವವರು ಇಂದಿಗೂ ಇದ್ದಾರೆ.

ಟೇಪು ಹೊರಗೆ ಕೊಡದ ನಮ್ಮ ಹಿರಿಯರನ್ನು ಜಿಪುಣರೆಂದೂ ಅನ್ನಲಾರೆ. ‘ಇದು ಮನೆಯೊಳಗೇ ಇರಲಿ’ ಎಂದು ಕಲಾವಿದರೇ ಮಾತು ತೆಗೆದುಕೊಂಡದ್ದುಂಟು, ಆ ಮಾತನ್ನು ಇವರು ಕಲಾವಿದರು ಹೋದ ಮೇಲೂ ಉಳಿಸಿಕೊಂಡರು. ನಂಬಿದವರಿಗೆ ಒಂದು ಪೈಸೆ ಕೇಳದೆ ನಕಲು ಮಾಡಿಕೊಟ್ಟವರೂ ಇವರೇ. ಹೊರಗೆ ಬಿಡುವ ಮುನ್ನ ಕಲಾವಿದರ ಮನೆಯವರನ್ನು ಕೇಳಬೇಕಾದದ್ದು ನ್ಯಾಯವೇ. ಆದರೆ ಡಬ್ಬಿಯ ಮೇಲೆ ತಬಲಾದವರ ಹೆಸರು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ, ಅದನ್ನು ಈ ವಾರವೇ ಬರೆಯಬಹುದು.